ಮಸ್ಕಿಯ ಕಲ್ಲು ಮತ್ತು ಒಂದು ಅಂಕದ ಪ್ರಶ್ನೆ

ಅಶೋಕನ ಹೆಸರನ್ನು ಮೊದಲು ತಿಳಿಸಿದ ಶಾಸನ ಯಾವುದು? ಕನ್ನಡ ನಾಡಿನ ಶಾಲೆಗಳಲ್ಲಿ ಇತಿಹಾಸ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಒಂದೇ ಪದ: ಮಸ್ಕಿ. ಅಂಕವೂ ಒಂದೇ. ಸಿಂಧನೂರು ತಾಲ್ಲೂಕಿನ ಸಾಲಗುಂದದ ಮಕ್ಕಳೂ ಇದನ್ನು ಬಾಯಿಪಾಠ ಮಾಡುತ್ತಾರೆ. ಆ ಕಲ್ಲು ಇರುವುದು ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ನೋಡಿಕೊಂಡು ಅದೇ ದಿನ ಮನೆಗೆ ಮರಳಬಹುದು. ಆದರೂ ಹೆಚ್ಚಿನ ಮಕ್ಕಳ ಪಾಲಿಗೆ ಮಸ್ಕಿ ಎಂದರೆ ಗೈಡಿನಲ್ಲಿ ಅಚ್ಚಾದ ಒಂದು ಪದ ಮಾತ್ರ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, “ಮಸ್ಕಿ ಶಾಸನದ ಮಹತ್ವವೇನು?” ಎಂದು ಎರಡು ಅಂಕಕ್ಕೆ ಕೇಳಿದರೆ ಪೆನ್ನು ನಿಂತುಬಿಡುತ್ತದೆ.

ಈ ಮಕ್ಕಳು ದಡ್ಡರಲ್ಲ. ಅವರಿಗೆ ಉತ್ತರಗಳನ್ನು ಕಲಿಸಲಾಗಿದೆ, ಪ್ರಶ್ನೆಯನ್ನು ಓದುವುದನ್ನು ಕಲಿಸಿಲ್ಲ. ಬಿಟ್ಟ ಸ್ಥಳ ತುಂಬಿರಿ, ಕಾರಣ ಕೊಡಿ, ವಿವರಿಸಿ, ಚರ್ಚಿಸಿ ಎಂಬ ಒಂದೊಂದು ಬಗೆಯ ಪ್ರಶ್ನೆಗೂ ಒಂದೊಂದು ಉದ್ದೇಶವಿದೆ, ಒಂದು ಇತಿಹಾಸವಿದೆ. ಅದನ್ನು ಅರಿತರೆ ಉತ್ತರಿಸುವ ದಾರಿ ತಾನಾಗಿ ತೆರೆಯುತ್ತದೆ.

ಪ್ರಶ್ನೆಗೆ ತಕ್ಕ ಉತ್ತರ

ಪ್ರಶ್ನೋತ್ತರದ ಮೂಲಕ ಕಲಿಸುವ ಪರಂಪರೆ ನಮಗೆ ಅಪರಿಚಿತವಲ್ಲ. ಸಹೀಹ್ ಮುಸ್ಲಿಮ್‌ನಲ್ಲಿ ಹಝ್ರತ್ ಉಮರ್(ರ) ವರದಿ ಮಾಡಿದ, ‘ಹದೀಸೆ ಜಿಬ್ರೀಲ್’ ಎಂದೇ ಪ್ರಸಿದ್ಧವಾದ ಪ್ರಸಂಗವನ್ನು ಅನೇಕರು ಕೇಳಿರಬಹುದು. ಅಪರಿಚಿತನಂತೆ ಬಂದ ಜಿಬ್ರೀಲ್(ಅ) ಪ್ರವಾದಿ ಮುಹಮ್ಮದ್(ಸ)ರ ಎದುರು ಕುಳಿತು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಾರೆ. ಇಸ್ಲಾಮ್ ಎಂದರೇನು ಎಂದಾಗ ಐದು ಕರ್ಮಗಳ ಪಟ್ಟಿ ಉತ್ತರವಾಗಿ ಬರುತ್ತದೆ. ಈಮಾನ್ ಎಂದರೇನು ಎಂದಾಗ ಆರು ವಿಶ್ವಾಸಗಳ ಪಟ್ಟಿ. ಇಹ್ಸಾನ್ ಬಗ್ಗೆ ಕೇಳಿದಾಗ ಪಟ್ಟಿ ಇಲ್ಲ. ಅಲ್ಲಾಹನನ್ನು ಕಾಣುತ್ತಿರುವಂತೆ ಆರಾಧಿಸುವ ಮನಸ್ಥಿತಿಯ ಚಿಕ್ಕದೊಂದು ವಿವರಣೆ ಸಾಕಾಗುತ್ತದೆ. ಅಂತ್ಯಘಳಿಗೆ ಯಾವಾಗ ಎಂಬ ಪ್ರಶ್ನೆಗೆ, ಕೇಳಿದವರಿಗಿಂತ ಹೆಚ್ಚು ತನಗೂ ತಿಳಿದಿಲ್ಲ ಎಂಬ ನೇರ ಮಾತು. ಅದರ ಸೂಚನೆಗಳೇನು ಎಂದಾಗ ಎರಡು ಉದಾಹರಣೆಗಳು. ಐದು ಪ್ರಶ್ನೆಗಳಿಗೆ ಐದು ಬಗೆಯ ಉತ್ತರಗಳು, ಒಂದೂ ಅಗತ್ಯಕ್ಕಿಂತ ಉದ್ದವಿಲ್ಲ. ಧರ್ಮವನ್ನು ಕಲಿಸಲು ಬಂದ ಈ ಹದೀಸ್ ಉತ್ತರಿಸುವ ಶಿಸ್ತನ್ನೂ ಕಲಿಸುತ್ತದೆ.

ಇಸ್ಲಾಮೀ ಜಗತ್ತಿನ ವಿದ್ಯಾಕೇಂದ್ರಗಳಲ್ಲಿ ಅಂಕಪಟ್ಟಿ ಇರಲಿಲ್ಲ. ಶಿಷ್ಯ ಗುರುವಿನ ಎದುರು ಗ್ರಂಥವನ್ನು ಓದಿ, ಕೇಳಿದ್ದಕ್ಕೆ ಉತ್ತರಿಸಿ, ಗುರುವಿಗೆ ತೃಪ್ತಿಯಾದರೆ ಅದನ್ನು ಬೋಧಿಸುವ ‘ಇಜಾಝತ್’ ಪಡೆಯುತ್ತಿದ್ದ. 1472ರಲ್ಲಿ ಬಹಮನಿ ವಝೀರ ಮಹಮೂದ್ ಗಾವಾನ್ ನಮ್ಮ ಬೀದರಿನಲ್ಲಿ ಕಟ್ಟಿಸಿದ ಮದ್ರಸ ಈ ಪರಂಪರೆಗೆ ಸೇರಿದ್ದು. ಸರಕಾರವೇ ಪರೀಕ್ಷೆ ನಡೆಸಿದ ಉದಾಹರಣೆಯೂ ಇದೆ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್‌ನ ಕಿವಿಗೆ ಬಿತ್ತು. ಸಿನಾನ್ ಇಬ್ನ್ ಸಾಬಿತ್ ಪರೀಕ್ಷಿಸದೆ ನಗರದಲ್ಲಿ ಯಾರೂ ಚಿಕಿತ್ಸೆ ನೀಡಬಾರದೆಂದು ಆತ ಆಜ್ಞಾಪಿಸಿದ. ಎಂಟುನೂರಕ್ಕೂ ಹೆಚ್ಚು ವೈದ್ಯರು ಪರೀಕ್ಷೆಗೆ ಒಳಗಾದರೆಂದು ಚರಿತ್ರೆಕಾರರು ಬರೆದಿದ್ದಾರೆ. ಸಿನಾನ್ ಪ್ರತಿಯೊಬ್ಬನನ್ನೂ ಅವನ ಯೋಗ್ಯತೆ ನೋಡಿ ಪ್ರಶ್ನಿಸಿ, ಅವನಿಗೆ ತಕ್ಕಷ್ಟೇ ಅನುಮತಿ ಕೊಟ್ಟ. ಇಲ್ಲೆಲ್ಲ ಪರೀಕ್ಷಕ ಮತ್ತು ಪರೀಕ್ಷಾರ್ಥಿ ಮುಖಾಮುಖಿಯಾಗಿದ್ದರು. ಉತ್ತರ ಅರ್ಧವಾದರೆ ಮತ್ತೆ ಕೇಳಬಹುದಿತ್ತು.

ಕಾಗದದ ಮೇಲಿನ ಪರೀಕ್ಷೆ

ಲಿಖಿತ ಪರೀಕ್ಷೆಯಲ್ಲಿ ಈ ಅವಕಾಶ ಇಲ್ಲವಾಯಿತು. ಚೀನಾದಲ್ಲಿ ಸುಮಾರು 605ರಿಂದ 1905ರವರೆಗೆ ಅಧಿಕಾರಿಗಳನ್ನು ಆರಿಸಲು ಇಂಥ ಪರೀಕ್ಷೆಗಳು ನಡೆದವು. ಬ್ರಿಟಿಷರು 1853ರ ಕಾಯ್ದೆಯ ಬಳಿಕ ಭಾರತದ ಸಿವಿಲ್ ಸೇವೆಗೆ ಸ್ಪರ್ಧಾತ್ಮಕ ಪರೀಕ್ಷೆ ತಂದರು. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು ಹುಟ್ಟಿದಾಗ ಅವುಗಳ ಮುಖ್ಯ ಕೆಲಸವೇ ಪರೀಕ್ಷೆ ನಡೆಸುವುದಾಗಿತ್ತು. ದೂರದಲ್ಲಿ ಕುಳಿತ ಅಪರಿಚಿತನೊಬ್ಬ ಕಾಗದ ನೋಡಿ ತೀರ್ಪು ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಹೀಗೆ.

ಸಾಲಗುಂದ, ಸಿಂಧನೂರು, ಮಸ್ಕಿಗಳ ಸೀಮೆ ಆಗ ನಿಝಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಲ್ಲಿ ಪರೀಕ್ಷೆಯ ಜೊತೆ ಭಾಷೆಯ ಸಮಸ್ಯೆಯೂ ಬಂತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟಿದ್ದು ದೊಡ್ಡ ಸಾಹಸವೇ ಸರಿ. ಅದರ ಅನುವಾದ ವಿಭಾಗ ವಿಜ್ಞಾನ, ಕಾನೂನು, ಇತಿಹಾಸದ ಗ್ರಂಥಗಳನ್ನು ಉರ್ದುವಿಗೆ ತಂದಿತು. ಆದರೆ ಮನೆಯಲ್ಲಿ ಕನ್ನಡ ಆಡುವ ರಾಯಚೂರು ಸೀಮೆಯ ಹುಡುಗ ಮೇಲಿನ ತರಗತಿಗೆ ಹೋಗಬೇಕಾದರೆ ಉರ್ದುವಿನಲ್ಲೇ ಪ್ರಶ್ನೆ ಓದಿ ಉರ್ದುವಿನಲ್ಲೇ ಬರೆಯಬೇಕಿತ್ತು. ದಖನಿ ಮಾತಾಡುವ ಹಳ್ಳಿಯ ಮುಸ್ಲಿಮ್ ಹುಡುಗನಿಗೂ ಅರಬಿ, ಫಾರ್ಸಿ ತುಂಬಿದ ಪಾರಿಭಾಷಿಕ ಪದಗಳು ಸುಲಭವಾಗಿರಲಿಲ್ಲ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿ, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂದ ಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಉರ್ದುವಿನಲ್ಲಿ ಕಲಿತವರು ಕನ್ನಡದ ಕಚೇರಿಗಳಲ್ಲಿ ಅನಕ್ಷರಸ್ಥರಂತಾದರು. ಎರಡೂ ಕಾಲದಲ್ಲಿ ಪೆಟ್ಟು ತಿಂದವರು ಮನೆಯ ಮಾತಿಗೂ ಪರೀಕ್ಷೆಯ ಮಾತಿಗೂ ಅಂತರವಿದ್ದ ಬಡವರ ಮಕ್ಕಳು. ಇಂದು ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಆದರೂ ‘ಸಮರ್ಥಿಸಿ’, ‘ವಿಶ್ಲೇಷಿಸಿ’ ಎಂಬ ಪದಗಳು ಇಂಥ ಮಕ್ಕಳಿಗೆ ಈಗಲೂ ಪರಭಾಷೆಯಂತೆಯೇ ಇವೆ.

ನಾಲ್ಕರಲ್ಲಿ ಒಂದು

ಕಾಗದದ ಪರೀಕ್ಷೆಯ ದೋಷ ಬೇಗ ಬಯಲಾಯಿತು. ಅಮೆರಿಕದಲ್ಲಿ 1912-13ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಸಂಶೋಧಕರು ಒಂದೇ ಉತ್ತರಪತ್ರಿಕೆಯನ್ನು ನೂರಾರು ಅಧ್ಯಾಪಕರಿಗೆ ಕಳುಹಿಸಿ ಅಂಕ ಹಾಕಿಸಿದರು. ಒಂದೇ ರೇಖಾಗಣಿತದ ಪತ್ರಿಕೆಗೆ ಒಬ್ಬರು 28 ಕೊಟ್ಟರೆ ಇನ್ನೊಬ್ಬರು 92 ಕೊಟ್ಟಿದ್ದರು. ಈ ಏರುಪೇರು ತಪ್ಪಿಸಲು ಕಾನ್ಸಾಸ್‌ನ ಫ್ರೆಡರಿಕ್ ಕೆಲ್ಲಿ 1914-15ರ ಸುಮಾರಿಗೆ ಬಹು ಆಯ್ಕೆಯ ಪ್ರಶ್ನೆಯನ್ನು ರೂಪಿಸಿದ. 1917ರಲ್ಲಿ ಅಮೆರಿಕದ ಸೇನೆ ಲಕ್ಷಾಂತರ ಸೈನಿಕರನ್ನು ಅಳೆಯಲು ಈ ಬಗೆಯ ಪರೀಕ್ಷೆ ಬಳಸಿತು. ಅಲ್ಲಿಂದ ಅದು ಜಗತ್ತಿಗೆಲ್ಲ ಹರಡಿತು. ಕೋವಿಡ್ ಕಾಲದಲ್ಲಿ, 2021ರ ಜುಲೈ 19 ಮತ್ತು 22ರಂದು, ಕರ್ನಾಟಕದ ಎಸ್ಸೆಸ್ಸೆಲ್ಸಿ ಪೂರ್ತಿಯಾಗಿ ಇದೇ ರೂಪದಲ್ಲಿ, ಓಎಂಆರ್ ಹಾಳೆಯ ಮೇಲೆ, ಎರಡೇ ದಿನದಲ್ಲಿ ಮುಗಿಯಿತು.

ಈ ಇತಿಹಾಸದಿಂದ ವಿದ್ಯಾರ್ಥಿ ಕಲಿಯಬೇಕಾದ ಪಾಠ ಎರಡು. ಆಯ್ಕೆಯ ಪ್ರಶ್ನೆ ನಿಖರತೆಯನ್ನು ಅಳೆಯುತ್ತದೆ. ಬರೆಯುವ ಪ್ರಶ್ನೆಯಲ್ಲಿ ಅಂಕ ಹಾಕುವವರೂ ಮನುಷ್ಯರೇ, ಅವರಿಗೆ ನಮ್ಮ ಉತ್ತರ ಸುಲಭವಾಗಿ ಕಾಣುವಂತಿರಬೇಕು.

ಒಂದೇ ಕಲ್ಲು, ಹಲವು ಪ್ರಶ್ನೆಗಳು

ಮತ್ತೆ ಮಸ್ಕಿಗೆ ಬರೋಣ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಇವು ಅಶೋಕನವೇ ಎಂದು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ತೋರಿಸಿಕೊಟ್ಟರೂ ಕಲ್ಲಿನ ಸಾಕ್ಷ್ಯ ಇರಲಿಲ್ಲ. 1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯನ್ನು ಕಂಡ. ಗುಲಾಮ್ ಯಝ್ದಾನಿ ನಿರ್ದೇಶಕರಾಗಿದ್ದ ಹೈದರಾಬಾದಿನ ಹೊಸ ಪುರಾತತ್ವ ಇಲಾಖೆ ತನ್ನ ಪ್ರಕಟಣೆಗಳ ಮಾಲೆಯನ್ನು ಆರಂಭಿಸಿದ್ದೇ ಎಚ್. ಕೃಷ್ಣಶಾಸ್ತ್ರಿಗಳು ಓದಿ ಸಂಪಾದಿಸಿದ ಈ ಶಾಸನದಿಂದ. ಅದರಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲೇ ಅಶೋಕನ ಹೆಸರಿತ್ತು.

ಇಷ್ಟು ತಿಳಿದವನು ಯಾವ ಪ್ರಶ್ನೆಗೂ ಹೆದರಬೇಕಿಲ್ಲ. ಬಹು ಆಯ್ಕೆಯಲ್ಲಿ “ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿ” ಎಂಬ ಹೇಳಿಕೆ ಬಂದರೆ ಅದು ತಪ್ಪು. ಮಧ್ಯಪ್ರದೇಶದ ಗುಜರ್ರಾದಲ್ಲೂ, ತುಂಗಭದ್ರೆಯ ಆಚೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳಂಗಳಲ್ಲೂ ಆ ಹೆಸರು ನಂತರ ಸಿಕ್ಕಿದೆ. ‘ಮೊದಲ’ ಮತ್ತು ‘ಏಕೈಕ’ ಎಂಬ ಪದಗಳ ನಡುವೆ ಒಂದು ಅಂಕ ಅಡಗಿದೆ. ‘ಮಾತ್ರ’, ‘ಎಲ್ಲ’, ‘ಅಲ್ಲ’, ‘ತಪ್ಪಾದುದು’ ಎಂಬ ಪದಗಳ ಕೆಳಗೆ ಗೆರೆ ಎಳೆದುಕೊಂಡೇ ಓದಬೇಕು. ಆಯ್ಕೆಗಳನ್ನು ನೋಡುವ ಮುನ್ನ ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಹೊಳೆಯದಿದ್ದರೆ ಖಚಿತವಾಗಿ ತಪ್ಪೆನಿಸುವುದನ್ನು ಹೊಡೆದುಹಾಕುತ್ತ ಹೋಗಬೇಕು. ತಪ್ಪಿಗೆ ಅಂಕ ಕಳೆಯದ ಎಸ್ಸೆಸ್ಸೆಲ್ಸಿ ಮತ್ತು ಸಿಇಟಿಯಲ್ಲಿ ಯಾವುದನ್ನೂ ಖಾಲಿ ಬಿಡಬಾರದು. ನೀಟ್‌ನಂತಹ ಪರೀಕ್ಷೆಯಲ್ಲಿ ಸರಿಗೆ ನಾಲ್ಕು ಅಂಕ ಸಿಕ್ಕಿದರೆ ತಪ್ಪಿಗೆ ಒಂದು ಹೋಗುತ್ತದೆ. ಅಲ್ಲಿ ಕುರುಡು ಊಹೆ ನಷ್ಟದ ವ್ಯಾಪಾರವಾಗಬಹುದು. ಹೊಂದಿಸಿ ಬರೆಯುವಲ್ಲಿ ಗ್ಯಾರಂಟಿ ಇರುವ ಜೋಡಿಗಳನ್ನು ಮೊದಲು ಮುಗಿಸಿದರೆ ಉಳಿದವು ಕಡಿಮೆಯಾಗುತ್ತವೆ.

ಮಹತ್ವವೇನು ಎಂದು ಎರಡು ಅಂಕಕ್ಕೆ ಕೇಳಿದರೆ ಎರಡು ಅಂಶ ಸಾಕು: ಬಿರುದಿನ ಜೊತೆ ಅಶೋಕನ ಹೆಸರು ಇಲ್ಲಿ ಮೊದಲು ಸಿಕ್ಕಿತು, ಮೌರ್ಯರ ಆಡಳಿತ ದಕ್ಷಿಣದಲ್ಲಿ ಈ ಸೀಮೆಯವರೆಗೂ ಇತ್ತೆಂಬುದಕ್ಕೆ ಇದೊಂದು ಆಧಾರ. ಬೀಡನ್‌ನ ಕಥೆ ಇಲ್ಲಿ ಬೇಕಿಲ್ಲ. ‘ಹೇಗೆ ಪತ್ತೆಯಾಯಿತು’ ಎಂದು ಕೇಳಿದಾಗ ಮಾತ್ರ ಅದು ಬೇಕು. ನಕ್ಷೆಯಲ್ಲಿ ಗುರುತಿಸಲು ಹೇಳಿದರೆ ಮೊದಲು ಕೃಷ್ಣಾ, ತುಂಗಭದ್ರೆಗಳ ಗೆರೆ ಹುಡುಕಬೇಕು. ಮಸ್ಕಿ ಇವೆರಡರ ನಡುವೆ ಇದೆ. ಶಾಸನದ ಭಾಗವನ್ನೋ ಚಿತ್ರವನ್ನೋ ಕೊಟ್ಟು ಪ್ರಶ್ನೆ ಕೇಳಿದರೆ ಉತ್ತರದ ಅರ್ಧ ಅಲ್ಲೇ ಇರುತ್ತದೆ. ಅದನ್ನು ಎರಡು ಸಲ ಓದಬೇಕು.

ದೊಡ್ಡ ಪ್ರಶ್ನೆಯ ದೊಡ್ಡ ಜವಾಬ್ದಾರಿ

ನಾಲ್ಕೈದು ಅಂಕದ ಪ್ರಶ್ನೆಗಳಲ್ಲಿ ಬಾಯಿಪಾಠದ ಅಪಾಯ ಇನ್ನೂ ದೊಡ್ಡದು. “1520ರ ರಾಯಚೂರು ಕದನಕ್ಕೆ ಕಾರಣಗಳನ್ನು ವಿವರಿಸಿ” ಎಂಬ ಪ್ರಶ್ನೆ ಬಂತೆನ್ನಿ. ಕೃಷ್ಣದೇವರಾಯ ಹಿಂದೂ, ಇಸ್ಮಾಯಿಲ್ ಆದಿಲ್ ಶಾಹ್ ಮುಸ್ಲಿಮ್, ಆದ್ದರಿಂದ ಯುದ್ಧವಾಯಿತು ಎಂದು ಬರೆದು ಮುಗಿಸುವವರಿದ್ದಾರೆ. ಇದು ವಿವರಣೆಯಲ್ಲ. ಐದು ನೂರು ವರ್ಷ ಹಿಂದೆ, ಸುಮಾರು 1020ರಲ್ಲಿ, ಚೋಳರ ರಾಜೇಂದ್ರ ಮತ್ತು ಚಾಲುಕ್ಯರ ಜಯಸಿಂಹ ಇದೇ ಸೀಮೆಯಲ್ಲಿ ಹೊಡೆದಾಡಿದ್ದರು. ಅವರು ಕಾದಾಡಿದ ಮುಸಂಗಿ ಎಂಬ ಸ್ಥಳ ಇಂದಿನ ಮಸ್ಕಿಯೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಲ್ಲಿ ಎರಡೂ ಕಡೆಯ ದೊರೆಗಳು ಶಿವಭಕ್ತರ ವಂಶದವರು. ಎರಡು ನದಿಗಳ ನಡುವಿನ ಈ ನೆಲ, ಅದರ ಕೋಟೆಗಳು, ಅದರ ಆದಾಯ ಪ್ರತಿಯೊಬ್ಬ ಅರಸನಿಗೂ ಬೇಕಾಗಿದ್ದವು. ಕುದುರೆ ಕೊಳ್ಳಲು ರಾಯ ಹಣ ಕೊಟ್ಟು ಕಳುಹಿಸಿದ್ದ ವ್ಯಾಪಾರಿ ಆದಿಲ್ ಶಾಹನ ಸೀಮೆಗೆ ಓಡಿಹೋದದ್ದು ಕದನಕ್ಕೆ ನೆಪವಾಯಿತೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ದಾಖಲಿಸಿದ್ದಾನೆ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಮರು ಎರಡನೇ ದೇವರಾಯನ ಕಾಲದಿಂದಲೂ ಇದ್ದರು.

‘ವಿವರಿಸಿ’ ಎಂಬ ಪದ ಕೇಳುವುದು ಈ ದೂರದ ಕಾರಣ ಮತ್ತು ಹತ್ತಿರದ ಕಾರಣಗಳನ್ನೇ. ಮೊದಲ ಸಾಲಿನಲ್ಲಿ ಉತ್ತರದ ಸಾರ, ಆಮೇಲೆ ಒಂದೊಂದು ಅಂಶಕ್ಕೆ ಒಂದೊಂದು ಪುಟ್ಟ ಪ್ಯಾರಾ, ಪ್ರತಿ ಅಂಶಕ್ಕೂ ಒಂದು ಇಸವಿಯೋ ಹೆಸರೋ ಸ್ಥಳವೋ ಇರಲಿ. ‘ಹೋಲಿಸಿ’ ಎಂದರೆ ಎರಡೂ ಕಡೆ ನೋಡಬೇಕು. ‘ಚರ್ಚಿಸಿ’ ಎಂದರೆ ಪರ-ವಿರೋಧ ಎರಡನ್ನೂ ಹೇಳಿ ತನ್ನ ನಿಲುವು ತಿಳಿಸಬೇಕು. ಹೀಗೆ ಬರೆಯಲು ಕಲಿತ ಮಗುವಿಗೆ ಅಂಕದ ಜೊತೆ ನೆರೆಮನೆಯವನನ್ನು ನ್ಯಾಯದಿಂದ ನೋಡುವ ಕಣ್ಣೂ ಬರುತ್ತದೆ. ಗೈಡಿನ ಒಂದು ಸಾಲು ಒಪ್ಪಿಸುವ ಮಗು ಅದರ ಪೂರ್ವಗ್ರಹವನ್ನೂ ಜೊತೆಗೇ ಒಪ್ಪಿಸುತ್ತದೆ.

ಯಾಕೆ ಇಷ್ಟು ಮಾತು? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ 83.89 ಶೇಕಡದಿಂದ 73.40ಕ್ಕೆ ಇಳಿಯಿತು. ನೆರೆಯ ಯಾದಗಿರಿ ಜಿಲ್ಲೆ 50.59 ಪಡೆದು ಕೊನೆಯಲ್ಲಿ ನಿಂತಿತು. 2025ರಲ್ಲಿ ದಕ್ಷಿಣ ಕನ್ನಡ 91.12 ಪಡೆದರೆ ಕಲಬುರಗಿ 42.43ರಲ್ಲಿ ಉಳಿಯಿತು. ಸಂವಿಧಾನದ 371ಜೆ ವಿಧಿ ನಮ್ಮ ಭಾಗಕ್ಕೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಕೊಟ್ಟಿದೆ. ಆ ಬಾಗಿಲಿಗೆ ಬರಲಿಕ್ಕೂ ಹತ್ತನೆಯ ತರಗತಿ ದಾಟಬೇಕು. ಅಧ್ಯಾಪಕರ ಕೊರತೆ, ಬಡತನ, ಕೂಲಿಗಾಗಿ ಗುಳೆ ಇವೆಲ್ಲಕ್ಕೆ ಸರಕಾರವೇ ಉತ್ತರಿಸಬೇಕು. ಆದರೆ ಪ್ರಶ್ನೆ ಓದುವುದನ್ನು ಕಲಿಸಲು ಯಾವ ಅನುದಾನವೂ ಬೇಕಿಲ್ಲ. ಮಸೀದಿ, ಮಠ, ಯುವಕ ಸಂಘಗಳ ಜಗುಲಿಯಲ್ಲಿ ಸಂಜೆ ಒಂದು ತಾಸು ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕುಳಿತರೆ ಸಾಕು. ಪರೀಕ್ಷೆಯ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಲೆಂದೇ ಇದೆ. ಅದನ್ನು ಹೇಗೆ ಬಳಸಬೇಕೆಂದು ಅಲ್ಲಿ ಕಲಿಸಬಹುದು.

ಒಂದು ದಿನ ಆ ಮಕ್ಕಳನ್ನು ಮಸ್ಕಿಗೂ ಕರೆದೊಯ್ಯಿರಿ. ಎರಡು ಸಾವಿರದ ಇನ್ನೂರು ವರ್ಷಗಳಿಗಿಂತ ಹಿಂದೆ ಆ ಕಲ್ಲಿನ ಮೇಲೆ ಕೊರೆಸಿದ ಮಾತಿನ ತಾತ್ಪರ್ಯ ಇಷ್ಟು: ಉನ್ನತವಾದುದನ್ನು ದೊಡ್ಡವರಷ್ಟೇ ಪಡೆಯಬಲ್ಲರೆಂದು ತಿಳಿಯಬೇಡಿ, ಧರ್ಮದಲ್ಲಿ ನಿಷ್ಠೆಯಿರುವ ಸಣ್ಣವನೂ ಅದನ್ನು ಪಡೆಯಬಲ್ಲ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿರಿ. ಒಂದು ಅಂಕದ ಉತ್ತರದೊಳಗೆ ಇಂಥದ್ದೊಂದು ಮಾತಿದೆ ಎಂದು ಸಾಲಗುಂದದ ಮಕ್ಕಳಿಗೆ ಹೇಳಬೇಕಾದವರು ನಾವೇ.