ಮಾನಹಾನಿ ಕಾನೂನು (ಭಾರತ)

ಒಬ್ಬರ ಹೆಸರು ಕೆಡಿಸುವಂಥ ಆರೋಪವನ್ನು ಮೂರನೆಯವರಿಗೆ ಮುಟ್ಟಿಸುವುದು ಮಾನಹಾನಿ. ಮಾತು, ಬರಹ, ಸನ್ನೆ, ವ್ಯಂಗ್ಯಚಿತ್ರ ಎಲ್ಲವೂ ಇದರಡಿ ಬರುತ್ತವೆ. ಬೈದು ಬರೆದ ಪತ್ರವನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಆ ವ್ಯಕ್ತಿಗೇ ಕಳಿಸಿದರೆ ಸಾಮಾನ್ಯವಾಗಿ ಮಾನಹಾನಿಯಾಗದು. ಅದನ್ನೇ ಅಂಚೆ ಕಾರ್ಡಿನಲ್ಲಿ ಗೀಚಿದರೆ ಆದೀತು, ದಾರಿಯಲ್ಲಿ ಯಾರಾದರೂ ಓದಬಹುದಲ್ಲ.

ನೊಂದವರಿಗೆ ಎರಡು ದಾರಿಗಳಿವೆ. ಒಂದು, ಪರಿಹಾರ ಕೇಳುವ ಸಿವಿಲ್ ದಾವೆ. ಇದಕ್ಕೆ ಪ್ರತ್ಯೇಕ ಶಾಸನವಿಲ್ಲ, ತೀರ್ಪುಗಳೇ ಆಧಾರ. ಒಂದು ವರ್ಷದೊಳಗೆ ಹೂಡಬೇಕು. ಇನ್ನೊಂದು ಕ್ರಿಮಿನಲ್ ಮೊಕದ್ದಮೆ. 1860ರ ದಂಡ ಸಂಹಿತೆಯ 499, 500ನೇ ಕಲಮುಗಳ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ. ಹೆಚ್ಚೆಂದರೆ 2 ವರ್ಷ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಮುದಾಯ ಸೇವೆಯನ್ನು ಹೊಸದಾಗಿ ಸೇರಿಸಲಾಗಿದೆ. ಇದರಲ್ಲಿ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು.

ಆಡಿದ್ದು ನಿಜವಾದರೆ ಭಯವಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಸಿವಿಲ್ ದಾವೆಯಲ್ಲಿ ಸತ್ಯವೊಂದೇ ಸಾಕು, ಹಗೆಯಿಂದ ಆಡಿದ್ದರೂ ಸರಿಯೇ. ಕ್ರಿಮಿನಲ್ ಕೋರ್ಟಿನಲ್ಲಿ ಆ ಸತ್ಯವನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ಆರೋಪಿಯೇ ತೋರಿಸಬೇಕು. ನೆರೆಯವರು ಎಂದೋ ಮಾಡಿ ತೀರಿಸಿದ ಸಾಲದ ಕಥೆಯನ್ನು ಊರೆಲ್ಲ ಸಾರಿದವರಿಗೆ ಇದು ಕಷ್ಟ. ಪರಿಹಾರದ ದಾವೆಗಿಂತ ಜೈಲಿನ ಬೆದರಿಕೆಯಿರುವ ಕಡೆಯೇ ರಕ್ಷಣೆ ಕಿರಿದಾಗಿರುವುದು ವಿಚಿತ್ರ. ಆದರೂ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಈ ಕಲಮುಗಳನ್ನು ಎತ್ತಿಹಿಡಿಯಿತು.

ಸತ್ಯವೂ ಸೇರಿ ಶಾಸನದಲ್ಲಿ ಹತ್ತು ವಿನಾಯಿತಿಗಳಿವೆ: ಸರ್ಕಾರಿ ನೌಕರರ ಕರ್ತವ್ಯದ ಬಗ್ಗೆ ಸದ್ಭಾವನೆಯ ಅಭಿಪ್ರಾಯ, ಕೋರ್ಟ್ ಕಲಾಪದ ಯಥಾವತ್ ವರದಿ, ಪುಸ್ತಕ ವಿಮರ್ಶೆ, ಮೇಲಧಿಕಾರಿಗೆ ಕೊಟ್ಟ ದೂರು ಮುಂತಾದವು. ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸಷ್ಟೇ ಅಲ್ಲ, ವಿಚಾರಿಸಿ ನೋಡುವ ಎಚ್ಚರವೂ ಬೇಕು. ಶಾಸಕರು, ಸಂಸದರು ಸದನದೊಳಗೆ ಆಡಿದ ಮಾತಿಗೆ ಪೂರ್ಣ ರಕ್ಷಣೆಯಿದೆ. ಅಧಿಕಾರಿಗಳು ತಮ್ಮ ಕೆಲಸದ ಟೀಕೆಗೆ ಪರಿಹಾರ ಕೇಳಬೇಕಾದರೆ, ಬರೆದದ್ದು ಸುಳ್ಳು, ನಿಜವೇ ಎಂದು ನೋಡುವ ಗೋಜಿಗೂ ಹೋಗದೆ ಬರೆದದ್ದು ಎಂದು ತೋರಿಸಬೇಕು. ಸರ್ಕಾರವಂತೂ ಅಂಥ ದಾವೆ ಹೂಡುವಂತಿಲ್ಲ ಎಂದು ರಾಜಗೋಪಾಲ್ ಪ್ರಕರಣ (1994) ಹೇಳಿದೆ.

2019ರಲ್ಲಿ ಕೋಲಾರದ ಚುನಾವಣಾ ಸಭೆಯಲ್ಲಿ ಮೋದಿ ಉಪನಾಮದ ಬಗ್ಗೆ ಆಡಿದ ಮಾತಿಗೆ ಸೂರತ್ ಕೋರ್ಟ್ 2023ರ ಮಾರ್ಚ್‌ನಲ್ಲಿ ರಾಹುಲ್ ಗಾಂಧಿಗೆ ಪೂರ್ತಿ 2 ವರ್ಷದ ಸಜೆ ವಿಧಿಸಿತು, ಅದರಿಂದ ಅವರ ಸಂಸತ್ ಸದಸ್ಯತ್ವವೂ ಹೋಯಿತು. ಗರಿಷ್ಠ ಶಿಕ್ಷೆಗೆ ಕಾರಣ ಕೊಟ್ಟಿಲ್ಲ, ಒಂದು ದಿನ ಕಡಿಮೆಯಾಗಿದ್ದರೂ ಅನರ್ಹತೆ ಬರುತ್ತಿರಲಿಲ್ಲ ಎಂದು ಗಮನಿಸಿದ ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ದೋಷನಿರ್ಣಯಕ್ಕೆ ತಡೆ ನೀಡಿತು.