ಟೆಲಿಮೆಟ್ರಿ ಪ್ರೇಷಕದ ಸಂರಚನೆ

ಟೆಲಿಮೆಟ್ರಿ ಪ್ರೇಷಕದ ಸಂರಚನೆ ಎಂದರೆ ವಿಮಾನ, ಕ್ಷಿಪಣಿ ಮೊದಲಾದ ವಾಹನಗಳಲ್ಲಿ ಅಳವಡಿಸಿದ ಡಿಜಿಟಲ್ ರೇಡಿಯೊ ಪ್ರೇಷಕಕ್ಕೆ ಕಂಪ್ಯೂಟರಿನಿಂದ ಆದೇಶಗಳನ್ನು ಟೈಪಿಸಿ, ಅದರ ಆವರ್ತನ, ಮಾಡ್ಯುಲೇಷನ್ ಮುಂತಾದವನ್ನು ನಿಗದಿಗೊಳಿಸುವ ಕ್ರಿಯೆ. ಟೆಲಿಮೆಟ್ರಿಗೆ ದೂರಮಾಪನ ಎಂಬ ಪದವೂ ಬಳಕೆಯಲ್ಲಿದೆ. ವಾಹನದ ವೇಗ, ಎತ್ತರ, ಎಂಜಿನಿನ ಉಷ್ಣತೆ ಮುಂತಾದ ಅಳತೆಗಳು ಈ ಪ್ರೇಷಕದ ಮೂಲಕ ಭೂಕೇಂದ್ರವನ್ನು ತಲುಪುತ್ತವೆ.

ಚಳ್ಳಕೆರೆಯ ಪರೀಕ್ಷಾ ವಲಯ

ಕರ್ನಾಟಕದಲ್ಲಿ ಇಂತಹ ಹಾರಾಟ ಪರೀಕ್ಷೆಗಳು ನಡೆಯುವ ಪ್ರಮುಖ ಸ್ಥಳ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿರುವ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ. ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಇದನ್ನು 2017ರ ಮೇ 28ರಂದು ಉದ್ಘಾಟಿಸಿದರು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ರುಸ್ತುಂ-2 ಮಾನವರಹಿತ ವಿಮಾನ ಇಲ್ಲಿಂದ ಮೊದಲ ಬಾರಿಗೆ ಹಾರಿತ್ತು. ಈ ನೆಲ ಅಮೃತಮಹಲ್ ಕಾವಲಿಗೆ ಸೇರಿದ ಹುಲ್ಲುಗಾವಲು. ಅದರ ಹಂಚಿಕೆಯ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು 4.5 ಕಿ.ಮೀ. ಎತ್ತರದಲ್ಲಿ ಚಿನೂಕ್ ಹೆಲಿಕಾಪ್ಟರಿನಿಂದ ಬಿಡುಗಡೆ ಮಾಡಿ, ಇಲ್ಲಿನ ಓಡುದಾರಿಯಲ್ಲಿ ತಾನಾಗಿಯೇ ಇಳಿಯುವಂತೆ ಮಾಡಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಪ್ರಯೋಗ ಪುನರಾವರ್ತನೆಯಾಯಿತು.

ಟೆಲಿಮೆಟ್ರಿಗೆ ಹೆಚ್ಚಾಗಿ ಬಳಸುವ ಎಸ್ ಬ್ಯಾಂಡಿನ (2200–2290 ಮೆಗಾಹರ್ಟ್ಸ್) ತರಂಗಗಳು ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುತ್ತವೆ. ನೆಲಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ವಿಮಾನದ ರೇಡಿಯೊ ದಿಗಂತ ಸುಮಾರು 120 ಕಿ.ಮೀ.; 100 ಮೀಟರಿಗೆ ಇಳಿದರೆ ಅದು ಸುಮಾರು 40 ಕಿ.ಮೀ. ಮಾತ್ರ. ಆದ್ದರಿಂದ ಬಯಲುಸೀಮೆಯ ಸಮತಟ್ಟು ನೆಲ ಅನುಕೂಲಕರ. ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದಂತಹ ಕಲ್ಲುಬೆಟ್ಟಗಳ ಮರೆಗೆ ತಗ್ಗಿ ಹಾರುವ ವಾಹನದ ಸಂಕೇತ ಕಡಿದುಹೋಗಬಹುದು.

ಆದೇಶಗಳು

ಪ್ರೇಷಕವನ್ನು ಸೀರಿಯಲ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ಟರ್ಮಿನಲ್ ತಂತ್ರಾಂಶ ತೆರೆಯಲಾಗುತ್ತದೆ. ಅಮೆರಿಕದ ಪರೀಕ್ಷಾ ವಲಯಗಳಿಗಾಗಿ ರೂಪುಗೊಂಡು ಇತರ ದೇಶಗಳಲ್ಲೂ ಬಳಕೆಗೆ ಬಂದ ಐರಿಗ್ 106 ಮಾನಕವು ಎರಡೆರಡು ರೋಮನ್ ಅಕ್ಷರಗಳ ಆದೇಶಗಳನ್ನು ಸೂಚಿಸುತ್ತದೆ. ಇಲ್ಲಿ ಅವನ್ನು ಉಚ್ಚಾರಣೆಯಂತೆ ಬರೆಯಲಾಗಿದೆ. ‘ಎಫ್‌ಆರ್ 2250.5’ ಎಂದರೆ ಆವರ್ತನ 2250.5 ಮೆಗಾಹರ್ಟ್ಸ್ ಆಗಲಿ ಎಂದರ್ಥ. ‘ಎಂಒ’ ಮಾಡ್ಯುಲೇಷನ್ ವಿಧಾನವನ್ನೂ, ‘ಆರ್‌ಎಫ್’ ಪ್ರಸಾರದ ಚಾಲನೆ ಮತ್ತು ಸ್ಥಗಿತವನ್ನೂ ನಿಯಂತ್ರಿಸುತ್ತವೆ. ‘ಆರ್‌ಎ’ ದತ್ತಾಂಶವನ್ನು ನಿಯಮಬದ್ಧವಾಗಿ ಕಲಸುತ್ತದೆ: ಸೊನ್ನೆಗಳೇ ಅಥವಾ ಒಂದುಗಳೇ ಸಾಲಾಗಿ ಬಂದರೆ ಗ್ರಾಹಕವು ಗಡಿಯಾರದ ಲಯ ತಪ್ಪುತ್ತದೆ, ಅದನ್ನು ತಡೆಯಲು ಈ ಏರ್ಪಾಡು. ‘ಎಸ್‌ವಿ’ ಸಂರಚನೆಯನ್ನು ಉಳಿಸುತ್ತದೆ, ‘ಆರ್‌ಎಲ್’ ಉಳಿಸಿದ್ದನ್ನು ಮರಳಿ ತರುತ್ತದೆ, ‘ಕ್ಯುಎ’ ಎಲ್ಲ ಸ್ಥಿತಿಗಳನ್ನೂ ತೋರಿಸುತ್ತದೆ.

ಆದೇಶ ಸ್ವೀಕೃತವಾದರೆ ‘ಓಕೆ’ ಎಂಬ ಉತ್ತರ ಬರುತ್ತದೆ. ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪ್ರೇಷಕಕ್ಕೆ ಆದೇಶ ಅರ್ಥವಾಯಿತು ಎಂಬುದಷ್ಟೇ ಈ ಉತ್ತರದ ತಾತ್ಪರ್ಯ. ಭೂಕೇಂದ್ರದ ಗ್ರಾಹಕ ಅದೇ ಆವರ್ತನದಲ್ಲಿ, ಅದೇ ಮಾಡ್ಯುಲೇಷನ್‌ನಲ್ಲಿ ಕಾದಿದೆಯೇ ಎಂಬುದು ಪ್ರೇಷಕಕ್ಕೆ ತಿಳಿಯದು. 2250.5ರ ಬದಲು 2255.0 ಎಂದು ಟೈಪಿಸಿದರೂ ಉತ್ತರ ‘ಓಕೆ’ ಎಂದೇ ಬರುತ್ತದೆ. ಕೇಬಲ್ ತೆಗೆದು ವಾಹನ ಹಾರಿದ ಬಳಿಕ ತಿದ್ದಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ.

2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಮಾದರಿಯೊಂದು ಪರೀಕ್ಷಾ ಹಾರಾಟದಲ್ಲಿ ಚಳ್ಳಕೆರೆ ಸಮೀಪದ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದಿತು. ಇಂತಹ ಅಪಘಾತಗಳಲ್ಲಿ ಕೊನೆಯ ಕ್ಷಣದವರೆಗೆ ಭೂಕೇಂದ್ರದಲ್ಲಿ ದಾಖಲಾದ ಅಳತೆಗಳೇ ತನಿಖೆಗೆ ಮುಖ್ಯ ಆಧಾರ. ಪ್ರೇಷಕ ತಪ್ಪು ಆವರ್ತನದಲ್ಲಿದ್ದರೆ ಆ ಆಧಾರವೂ ಉಳಿಯುವುದಿಲ್ಲ.

ಹಾರಾಟಪೂರ್ವ ಪರಿಶೀಲನೆ

ಆಂಟೆನಾ ಅಥವಾ ಡಮ್ಮಿ ಲೋಡ್ ಜೋಡಿಸದೆ ಪ್ರಸಾರ ಆರಂಭಿಸಿದರೆ ಮರಳಿ ಬರುವ ಶಕ್ತಿಯಿಂದ ಪ್ರೇಷಕ ಕೆಡಬಹುದು. ಉಳಿಸದ ಸಂರಚನೆ ವಿದ್ಯುತ್ ನಿಂತಾಗ ಏನಾಗುತ್ತದೆಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಆದುದರಿಂದ ‘ಎಸ್‌ವಿ’ ಕೊಟ್ಟು, ವಿದ್ಯುತ್ತನ್ನು ಒಮ್ಮೆ ಆರಿಸಿ ಹಚ್ಚಿ, ‘ಕ್ಯುಎ’ ಮೂಲಕ ಮತ್ತೆ ನೋಡಿ, ಭೂಕೇಂದ್ರದ ಗ್ರಾಹಕದಲ್ಲಿ ದತ್ತಾಂಶ ಬರುತ್ತಿದೆಯೇ ಎಂದು ಖಚಿತಪಡಿಸಿಕೊಂಡ ನಂತರವೇ ಕೇಬಲ್ ತೆಗೆಯುವುದು ಸುರಕ್ಷಿತ ಕ್ರಮ.