ಕೋವಿಯ ನಳಿಗೆ, ಬಿಸಿನೀರು ಮತ್ತು ಉಪ್ಪು

ಎನ್.ಸಿ.ಸಿ.ಯಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಗಳಿಗೆ .303 ಲೀ-ಎನ್‌ಫೀಲ್ಡ್ ರೈಫಲ್ಲಿನ ಹಿಂಬದಿಯಲ್ಲಿದ್ದ ಲೋಹದ ಪುಟ್ಟ ಮುಚ್ಚಳ ನೆನಪಿರಬಹುದು. ಅದರೊಳಗೆ ಇರುತ್ತಿದ್ದುದು ಒಂದು ಎಣ್ಣೆಯ ಸೀಸೆ ಮತ್ತು ‘ಪುಲ್‌ಥ್ರೂ’ ಎಂಬ ಹಗ್ಗ. ಹಗ್ಗದ ಒಂದು ತುದಿಯಲ್ಲಿ ಹಿತ್ತಾಳೆಯ ಭಾರ, ಇನ್ನೊಂದು ತುದಿಯ ಕುಣಿಕೆಯಲ್ಲಿ ಸೈನ್ಯದ ಮಾತಿನ ‘ಚಿಂದಿ’, ಅಂದರೆ ಒರೆಸುವ ಬಟ್ಟೆಯ ತುಂಡು. ಕೋವಿಯನ್ನು ಶುಚಿಗೊಳಿಸಲು ಯಾವ ಸಾಧನ ತಕ್ಕುದು ಎಂಬ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಸೈನ್ಯಗಳು ಇದರಲ್ಲಿ ಬಹುಕಾಲ ತಡವರಿಸಿವೆ.

ಪೆಟ್ಲುಪ್ಪು, ಇದ್ದಿಲು, ಗಂಧಕಗಳಿಂದಾದ ಹಳೆಯ ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಕಿಟ್ಟವಾಗಿ ಉಳಿಯುತ್ತಿತ್ತು. ಕಿಟ್ಟದ ಬಹುಪಾಲು ನೀರಿನಲ್ಲಿ ಕರಗುವ ಲವಣ. ಆದುದರಿಂದ ಸರಳಿನ ತುದಿಯ ತಿರುಚು ಕೊಕ್ಕೆಗೆ ನಾರು ಸುತ್ತಿ, ನೀರಿನಿಂದ ತೊಳೆದು, ಒಣಗಿಸಿ, ಕೊನೆಗೆ ಎಣ್ಣೆ ಸವರಿದರೆ ಸಾಕಾಗುತ್ತಿತ್ತು. ಕೆಲಸ ಕೊಳಕಾದರೂ ಕ್ರಮ ಸರಿಯಾಗಿತ್ತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ. ಬ್ರಿಟನ್ನಿನಲ್ಲಿ ಕಾರ್ಡೈಟ್ ಬಂದಿತು. ನಳಿಗೆಯೊಳಗೆ ಮಸಿ ಕಡಿಮೆಯಾಯಿತು. ಎಣ್ಣೆಬಟ್ಟೆಯಿಂದ ಒಮ್ಮೆ ಒರೆಸಿದರೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೂ ಕೆಲವು ದಿನಗಳ ಬಳಿಕ ಅಲ್ಲಿಯೇ ತುಕ್ಕು! ಹೊಸ ಮದ್ದಿನ ಆಮ್ಲವೇ ಕಾರಣವೆಂದು ಹಲವರು ನಂಬಿದರು.

ನಿಜವಾದ ಅಪರಾಧಿ ಮದ್ದಾಗಿರಲಿಲ್ಲ. ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯ ಗೋಡೆಗೆ ಅಂಟುತ್ತಿತ್ತು. ಅದು ನಮ್ಮ ಅಡುಗೆಯ ಉಪ್ಪಿನ ಹತ್ತಿರದ ಬಂಧು. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಉಪ್ಪು ಎಣ್ಣೆಯಲ್ಲಿ ಕರಗದು. ಎಣ್ಣೆಯ ಪದರದ ಕೆಳಗೇ ತುಕ್ಕು ಹಿಡಿಸುತ್ತಿತ್ತು. ಅಮೆರಿಕದ ಗಣಿ ಬ್ಯೂರೋದ ವಿಲ್ಬರ್ಟ್ ಹಫ್ 1922ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದ. ಕಾರಣ ಹೀಗೆ ಸ್ಥಾಪಿತವಾಗುವ ಮೊದಲೇ ಬ್ರಿಟಿಷ್ ಸಿಪಾಯಿಗಳು ಅನುಭವದಿಂದ ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದರು. ಕುದಿನೀರು ಉಪ್ಪನ್ನು ಕರಗಿಸುವುದಲ್ಲದೆ ಉಕ್ಕನ್ನು ಬಿಸಿಮಾಡಿ ಬೇಗ ಒಣಗಿಸುತ್ತದೆ. ಪ್ರಯೋಗಶಾಲೆಗಿಂತ ಬಚ್ಚಲೊಲೆ ಮುಂದಿದ್ದ ಇಂಥ ಪ್ರಸಂಗಗಳು ನನಗೆ ಬಹಳ ಇಷ್ಟ.

ಸಾಧನವೇ ಕೇಡು ಮಾಡುವುದೂ ಉಂಟು. ಪುಲ್‌ಥ್ರೂ ಹಗ್ಗವನ್ನು ಓರೆಯಾಗಿ ಎಳೆದರೆ ಅದು ನಳಿಗೆಯ ಬಾಯಂಚನ್ನು ಮೆಲ್ಲನೆ ಸವೆಸಿ ಗೀರು ಮಾಡುತ್ತದೆ. ಬಾವಿಯ ಕಟ್ಟೆಯ ಕಲ್ಲನ್ನು ಹಗ್ಗ ಸವೆಸಿದಂತೆ. ಬಾಯಂಚು ಕೆಟ್ಟ ಕೋವಿ ಗುರಿ ತಪ್ಪುತ್ತದೆ. ‘ನೇರವಾಗಿ ಎಳೆ’ ಎಂದು ಹವಾಲ್ದಾರರು ಗದರುತ್ತಿದ್ದುದು ಸುಮ್ಮನೆ ಅಲ್ಲ.

ಈ ಅಲಕ್ಷ್ಯಕ್ಕೆ ಅತಿಹೆಚ್ಚಿನ ಬೆಲೆ ತೆತ್ತದ್ದು ವಿಯೆಟ್ನಾಂ ಯುದ್ಧದಲ್ಲಿ. 1960ರ ದಶಕದ ನಡುವೆ ಅಮೆರಿಕದ ಸೈನಿಕರಿಗೆ ಎಂ-16 ರೈಫಲ್ ಬಂದಾಗ, ಅದಕ್ಕೆ ಶುಚಿಗೊಳಿಸುವ ಅಗತ್ಯವೇ ಅತ್ಯಲ್ಪವೆಂಬ ಮಾತು ಹಬ್ಬಿತ್ತು. ಸರಳು, ಬ್ರಷ್ಷುಗಳು ಸಾಕಷ್ಟು ಒದಗಲಿಲ್ಲ. ಇತ್ತ ಗುಂಡಿನ ಮದ್ದನ್ನು ಹೆಚ್ಚು ಕಿಟ್ಟ ಬಿಡುವ ಬೇರೊಂದು ಬಗೆಗೆ ಬದಲಿಸಿದ್ದರು. ಗುಂಡು ಕೂರುವ ಗೂಡಿಗೆ ತುಕ್ಕು ತಡೆಯುವ ಕ್ರೋಮಿಯಂ ಲೇಪವನ್ನೂ ಕೊಟ್ಟಿರಲಿಲ್ಲ. ಆ ತೇವದ ಕಾಡಿನಲ್ಲಿ ಹಾರಿಸಿದ ಗುಂಡಿನ ಚಿಪ್ಪು ಗೂಡಿನಲ್ಲೇ ಸಿಕ್ಕಿಕೊಂಡರೆ, ಮುಂದಿನ ಬಾಯಿಯಿಂದ ಸರಳು ತೂರಿಸಿ ತಳ್ಳಬೇಕಾಗುತ್ತಿತ್ತು. ಎದುರಿಗೆ ಶತ್ರು, ಸರಳು ಹಲವರ ಬಳಿ ಇರಲಿಲ್ಲ. ಮನೆಗೆ ಬಂದ ಸೈನಿಕರ ಪತ್ರಗಳು ಪತ್ರಿಕೆಗಳನ್ನೂ ಸಂಸತ್ತನ್ನೂ ತಲುಪಿದವು. 1967ರಲ್ಲಿ ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯ ಉಪಸಮಿತಿ ವಿಚಾರಣೆ ನಡೆಸಿ ಸೈನ್ಯದ ಆಡಳಿತವನ್ನು ಕಟುವಾಗಿ ಟೀಕಿಸಿತು.

ಬಳಿಕ ಗೂಡಿಗೆ ಕ್ರೋಮಿಯಂ ಬಂದಿತು, ಬ್ರಷ್ಷುಗಳೂ ಬಂದವು. ಅವುಗಳ ಬಳಕೆಯನ್ನು ಕಲಿಸಲು ಸೈನ್ಯವು ವಿಲ್ ಐಸ್ನರ್ ಎಂಬ ಪ್ರಸಿದ್ಧ ಚಿತ್ರಕಥೆಗಾರನಿಂದ ಬಣ್ಣದ ಕಿರುಪುಸ್ತಕವೊಂದನ್ನು ಬರೆಯಿಸಿ, ಸಾಮಾನ್ಯ ಸೈನಿಕರ ಕೈಗೆ ಹಂಚಿತು.